ಮುಚ್ಚಳ ಹುಡುಕುವ ಸಖುಬಾಯಿ

ಚೌಬಾರ ಗೋಪುರದ ಹತ್ತಿರ ಇನ್ನೂ ಹಾಲಿನವರು ಕೂಡ ಬಂದಿಲ್ಲ. ಬೀದರಿನ ಹಳೇ ಪೇಟೆಯ ಆ ಮೂಲೆಯಲ್ಲಿ ಸಖುಬಾಯಿ ಆಗಲೇ ಗೋಣಿತಟ್ಟು ಹಾಸಿ, ಎಡಕ್ಕೆ ಮುಚ್ಚಳವಿಲ್ಲದ ಪಾತ್ರೆಗಳನ್ನೂ ಬಲಕ್ಕೆ ಪಾತ್ರೆಯಿಲ್ಲದ ಮುಚ್ಚಳಗಳನ್ನೂ ಹರವುತ್ತಿದ್ದಾಳೆ. ಗಂಡ ವೈಜಿನಾಥ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಹುಣಸೆಹಣ್ಣು ಬೂದಿ ಹಚ್ಚಿ ಒಂದು ತಾಮ್ರದ ಮುಚ್ಚಳ ತಿಕ್ಕುತ್ತಾನೆ. ಹೊಸಬರು ಕಂಡರೆ ಇದೆಂಥ ಅರೆಬರೆ ಅಂಗಡಿ ಎಂದು ನಕ್ಕಾರು. ಅವರಿಗಿಂತ ಮೊದಲು ವೈಜಿನಾಥನೇ ನಗುತ್ತಾನೆ.

"ಮಂದಿ ವರಕ್ಕ ಕನ್ಯಾ ಹುಡುಕ್ತಾರ. ನನ್ನ ಹೇಣ್ತಿ ತಂಬಿಗಿಗಿ ಮುಚ್ಚಳ ಹುಡುಕ್ತಾಳ್ರಿ."

ಭಾರತದ ಸೈನ್ಯ ನಿಜಾಮನ ರಾಜ್ಯಕ್ಕೆ ನುಗ್ಗಿದ ಪೊಲೀಸ್ ಆಕ್ಷನ್ ಆಗಿ ಆರು ವರ್ಷ ಕಳೆದವು. ಆದರೆ ಆ ಕಾಲದ ಗದ್ದಲದಲ್ಲಿ ದಿಕ್ಕಾಪಾಲಾದ ಮನೆಸಾಮಾನು ಇನ್ನೂ ಮನೆ ಸೇರಿಲ್ಲ. ಮೊದಲು ನಿಜಾಮನ ಪರ ನಿಂತ ರಜಾಕಾರರಿಗೆ ಹೆದರಿ ಓಡಿದವರು ಬಿಟ್ಟುಹೋದದ್ದು; ಆಮೇಲೆ ಆಕ್ಷನ್ ನಡೆದ ಭಾದ್ರಪದದಲ್ಲಿ, ಜೀವ ಉಳಿದರೆ ಸಾಕೆಂದು ಓಡಿದ ಮುಸಲ್ಮಾನ ಮನೆಗಳವರು ಬಿಟ್ಟುಹೋದದ್ದು. ಓಡುವವರ ಕೈಗೆ ಪಾತ್ರೆ ಸಿಕ್ಕರೆ ಮುಚ್ಚಳ ಅಲ್ಲೇ ಉಳಿಯಿತು. ಹೊಲದಲ್ಲಿ ಹೂತಿಟ್ಟದ್ದನ್ನು ಯಾರೋ ಅಗೆದು, ಕೈಗೆ ಬಂದಷ್ಟು ಒಯ್ದರು. ಇಂಥ ಬಿಡಿ ಮುಚ್ಚಳ ಸಿಕ್ಕರೆ ಬೇರೆ ವ್ಯಾಪಾರಿಗಳು ತೂಕಕ್ಕೆ ಹಾಕಿ ಕರಗಿಸಲು ಕೊಟ್ಟುಬಿಡುತ್ತಾರೆ. ಸಖುಬಾಯಿ ಮಾತ್ರ ವರ್ಷಗಟ್ಟಲೆ ಇಟ್ಟುಕೊಂಡು ಅದರ ಜೋಡಿಗಾಗಿ ಅಲೆಯುತ್ತಾಳೆ.

ಹಾಗಂತ ಇದನ್ನು ದಾನಧರ್ಮ ಎಂದು ಹೊಗಳಲು ಹೋದರೆ ಆಕೆಗೆ ಸಿಟ್ಟು ಬರುತ್ತದೆ. "ಧರ್ಮ ಎಲ್ಲಿದ್ರಿ? ಜೋಡಿ ಕೂಡಿದ್ರ ನಾಕ ಕಾಸು ಹೆಚ್ಚಿಗಿ ಬರ್ತಾವ. ಹೊಟ್ಟಿ ನಡೀಬೇಕಲ್ರಿ?"

ಆಕೆಯ ಸೊಂಟದಲ್ಲಿ ಸದಾ ಬಿದಿರು ಕಡ್ಡಿಗಳ ಕಟ್ಟೊಂದು ಇರುತ್ತದೆ. ಒಂದೊಂದು ಕಡ್ಡಿಯೂ ಒಂದೊಂದು ಪಾತ್ರೆಯ ಬಾಯಿಯ ಅಗಲಕ್ಕೆ ಕತ್ತರಿಸಿದ್ದು; ಯಾರ ಪಾತ್ರೆ ಎನ್ನುವುದಕ್ಕೆ ತುದಿಯಲ್ಲಿ ಬಣ್ಣದ ದಾರ. ವಾರಕ್ಕೆರಡು ಸಲ ರೈಲು ಹತ್ತಿ ಭಾಲ್ಕಿಗೆ ಹೋಗುತ್ತಾಳೆ. ಔರಾದ ಕಡೆಗೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲ್ನಡಿಗೆ. ತಲೆಯ ಮೇಲಿನ ಬುಟ್ಟಿಯಲ್ಲಿ ಹಗುರ ಅಲ್ಯೂಮಿನಿಯಂನ ಹೊಸ ಜರ್ಮನ್ ಪಾತ್ರೆಗಳು. ಹಳೆಯದು ಕೊಟ್ಟವರಿಗೆ ಹೊಸದು. ಊರ ನಾಯಿಗಳು ಬೆನ್ನು ಹತ್ತುತ್ತವೆ, ಕೆಲವು ಮನೆಯವರು ಆಕೆಯನ್ನು ದೂರದಿಂದ ಕಂಡೊಡನೆ ಹೊರಗಿನ ತಾಮ್ರ ಒಳಗೆ ಸಾಗಿಸುತ್ತಾರೆ. ಇಷ್ಟರ ನಡುವೆ ಆಕೆ ಬಿಡದೆ ಪಾಲಿಸುವ ನೇಮ ಒಂದೇ: ಈ ಸಾಮಾನು ನಿಮಗೆ ಎಲ್ಲಿಂದ ಬಂತು ಎಂದು ಯಾರನ್ನೂ ಕೇಳುವುದಿಲ್ಲ.

"ಕೇಳಿದ್ರ ಬಾಗಿಲ ಬೀಳ್ತದ್ರಿ. ಆಮ್ಯಾಲ ಮುಚ್ಚಳಾನೂ ಒಳಗ, ಮಾತೂ ಒಳಗ."

ಸಖುಬಾಯಿಯ ಸ್ವಂತ ಮನೆಯೂ ಹೀಗೇ ಬರಿದಾದದ್ದು. ಡಾಬಕಾದ ಹತ್ತಿರ ಕುರಿ ಸಾಕಿಕೊಂಡಿದ್ದ ಸಂಸಾರ. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟರು. ತಿರುಗಿ ಬಂದಾಗ ಹಟ್ಟಿಯಲ್ಲಿ ಕುರಿಯಿಲ್ಲ. ಹೊಲದಲ್ಲಿ ಹೂತಿಟ್ಟ ಗುಣಿಯಲ್ಲಿ ಉಳಿದದ್ದು ತವರಿನಿಂದ ಬಂದ ಹಿತ್ತಾಳೆ ಪಾತೇಲಿಯೊಂದೇ. ನವಿಲಿನ ಹಿಡಿಯಿದ್ದ ಅದರ ಮುಚ್ಚಳ ನಾಪತ್ತೆ. ಗಂಡಹೆಂಡತಿ ಬೀದರಿನ ಪಕ್ಕದ ಮೈಲೂರಿಗೆ ಬಂದು ನೆಲೆಸಿದರು. ಆ ಪಾತೇಲಿ ಈಗಲೂ ಅಂಗಡಿಯಲ್ಲಿದೆ, ಮಾರಾಟಕ್ಕಲ್ಲ. ಅದರಲ್ಲಿ ಮಧ್ಯಾಹ್ನದ ರೊಟ್ಟಿ, ಪುಂಡಿಪಲ್ಯ. ಬಾಯಿಗೆ ಅರಿವೆ ಕಟ್ಟಿರುತ್ತದೆ.

ಹಸಿರು ದಾರದ ಕಡ್ಡಿಯ ಕಥೆಯನ್ನು ಆಕೆಯ ಬಾಯಿಂದಲೇ ಕೇಳಬೇಕು. ಅದು ಚಾಂದಬೀಯ ಕಡ್ಡಿ. ಭಾಲ್ಕಿಯಿಂದ ಉಟ್ಟಬಟ್ಟೆಯಲ್ಲಿ ಓಡಿಬಂದು, ಬೀದರಿನಲ್ಲಿ ಹೊದೆಯುವ ರಜಾಯಿ ಹೊಲಿದು ಬದುಕುವ ಹೆಣ್ಣುಮಗಳು ಚಾಂದಬೀ. ಓಡುವಾಗ ಎದೆಗವಚಿ ತಂದದ್ದು ತಾಯಿ ಕೊಟ್ಟ ಪಾನದಾನ, ಅಂದರೆ ಎಲೆಯಡಿಕೆಯ ಪೆಟ್ಟಿಗೆ. ಕರಿ ಬಿದರಿಯ ಮೇಲೆ ಬೆಳ್ಳಿಯ ಬಳ್ಳಿ. ಮುಚ್ಚಳ ದಾರಿಯಲ್ಲೆಲ್ಲೋ ಬಿತ್ತು, ಬಳ್ಳಿಯ ಕೊನೆಯ ಎಲೆ ಅಂಚಿನಲ್ಲಿ ಅರ್ಧಕ್ಕೇ ನಿಂತಿತು. ಈಗ ಮಗಳ ಮದುವೆ ಗೊತ್ತಾಗಿತ್ತು. "ನನ್ ಅಮ್ಮಾಂದು ನನ್ ಸಂಗಾಟ ಬಂತಕ್ಕಾ, ನನ್ ಬೇಟಿ ಸಂಗಾಟ ಹೋಗ್ಬೇಕು. ಬೋಳು ಪಾನದಾನ ಹ್ಯಾಂಗ ಕಳಸ್ಲಿ?" ಎಂದು ಚಾಂದಬೀ ಅತ್ತಿದ್ದಳು.

ಔರಾದ ಕಡೆಯ ಒಂದು ಹಳ್ಳಿಯಲ್ಲಿ ಸಖುಬಾಯಿ ಅದನ್ನು ಕಂಡಳು. ಊರಿನ ಹೆಸರನ್ನು ಇಲ್ಲಿ ಬರೆಯುವಂತಿಲ್ಲ, ಅದು ಆಕೆಯ ಕಟ್ಟಪ್ಪಣೆ. ನೀರು ಕೇಳಿ ಕೂತ ಮನೆಯಲ್ಲಿ, ಹಾಲಿನ ಗಡಿಗೆಯ ಮೇಲೆ ಮಸಿ ಹಿಡಿದ ಗುಮ್ಮಟದಂಥ ಮುಚ್ಚಳ. ಕಡ್ಡಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಮನೆಯ ಮುದುಕಿ ಜಪ್ಪಯ್ಯ ಅನ್ನಲಿಲ್ಲ. "ಬೆಕ್ಕ ಕೆಡವಲಾರದಷ್ಟು ವಜ್ಜಿ ಅದ. ನಿನ್ನ ಹಗೂರ ಜರ್ಮನ್ ನನಗ್ಯಾಕ?" ಎಂದಳು. ಎರಡನೇ ಸಲ ದೊಡ್ಡ ಪಾತ್ರೆ ಒಯ್ದರೂ ಅದೇ ಉತ್ತರ. ಮದುವೆ ಕಣ್ಣೆದುರಿಗೆ ಬಂದಿತ್ತು. ಮೂರನೇ ಸಲ ಹೋದಾಗ ಸಖುಬಾಯಿ ಬುಟ್ಟಿಯನ್ನು ಇಳಿಸಲೇ ಇಲ್ಲ.

"ಯವ್ವಾ, ಇದು ಎಲ್ಲಿಂದ ಬಂತಂತ ನಾ ಕೇಳಂಗಿಲ್ರಿ. ಎಲ್ಲಿಗಿ ಹೋಗ್ಬೇಕಂತ ಅಷ್ಟ ಹೇಳ್ತೇನಿ," ಎಂದು ಚಾಂದಬೀಯ ಮನೆಯ ಸಂಗತಿಯನ್ನೆಲ್ಲ ಹೇಳಿದಳು.

ಮುದುಕಿ ಬೈದು ಅಟ್ಟುತ್ತಾಳೆ ಎಂದೇ ಸಖುಬಾಯಿ ಅಂದುಕೊಂಡಳಂತೆ. ಆದರೆ ಮುದುಕಿ ಎದ್ದು ಮುಚ್ಚಳ ತೊಳೆದಳು. ಸೆರಗಿನಿಂದ ಒರೆಸಿದಳು. ಅಂಗಾತ ಹಿಡಿದು, ಅದರೊಳಗೆ ಒಂದು ಕೊಬ್ಬರಿ ಬಟ್ಟಲು, ಒಂದು ಹೆಂಟೆ ಬೆಲ್ಲ ಇಟ್ಟಳು. "ಲಗ್ನದ ಮನಿಗಿ ಖಾಲಿ ಹೋಗಬಾರ್ದು. ನನ್ನ ಹೆಸರ ಮಾತ್ರ ಹೇಳಬ್ಯಾಡವಾ." ಬದಲಿಗೆ ಏನನ್ನೂ ಮುಟ್ಟಲಿಲ್ಲ. ಸಖುಬಾಯಿಯೇ ತನ್ನ ಬುಟ್ಟಿಯಲ್ಲಿದ್ದುದರಲ್ಲಿ ಭಾರವಾದ ಮುಚ್ಚಳ ಆರಿಸಿ ಹಾಲಿನ ಮೇಲೆ ಇಟ್ಟು ಬಂದಳು.

ಚಾಂದಬೀಯ ಮನೆಯಲ್ಲಿ ಮುಚ್ಚಳ ತಿರುಗಿಸಿ ಕೂಡಿಸಿದಾಗ ಅರ್ಧ ಎಲೆಗೆ ಅರ್ಧ ಎಲೆ ಸೇರಿತು. ಬೆಲ್ಲ ಯಾರದೆಂದು ಚಾಂದಬೀ ಕೇಳಿದಳು. ಹೇಳಬೇಡ ಅಂದಿದ್ದಾರೆ ಎಂದಳು ಸಖುಬಾಯಿ. ಚಾಂದಬೀ ಬೆಲ್ಲ ಮುರಿದು ಮೊದಲ ತುಂಡನ್ನು ಸಖುಬಾಯಿಯ ಬಾಯಿಗಿಟ್ಟಳು. ಇದನ್ನು ಹೇಳುವಾಗ ಈ ಗಟ್ಟಿಗಿತ್ತಿಯ ಕಣ್ಣು ತುಂಬಿಕೊಳ್ಳುತ್ತದೆ, ಕೇಳುವವರದ್ದೂ.

ಮಗಳ ಮದುವೆ ಮುಗಿದಿದೆ. ಈಗ ಹುಡುಕುವ ಸರದಿ ಚಾಂದಬೀಯದು. ರಜಾಯಿ ಹೊಲಿಯಲು ಯಾವ ಮನೆಗೆ ಹೋದರೂ ಅಡುಗೆಮನೆಗೆ ಇಣುಕಿ, ನವಿಲಿನ ಹಿಡಿಯ ಹಿತ್ತಾಳೆ ಮುಚ್ಚಳ ಇದೆಯೇ ನೋಡುತ್ತಾಳೆ. ಇವತ್ತೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಹೇಳುತ್ತಾಳೆ: "ನಿನ್ನೀನೂ ಸಿಗ್ಲಿಲ್ಲಕ್ಕಾ."

"ಇರ್ಲಿ ಹೋಗವಾ," ಎನ್ನುತ್ತಾಳೆ ಸಖುಬಾಯಿ. ಅವಳು ತಿರುವು ದಾಟುವವರೆಗೆ ನೋಡಿ, ಪಾತೇಲಿಯ ಬಾಯಿಯ ಅರಿವೆಯನ್ನು ಬಿಗಿ ಮಾಡುತ್ತಾಳೆ.

"ಆಸಿ ಇಲ್ಲಂತ ಸುಳ್ಳ ಯಾಕ ಹೇಳ್ಲಿರಿ? ಅದ. ಎಲ್ಲೋ ಯಾರದೋ ಹಾಲಿನ ಮ್ಯಾಲ ಕೂತಿರ್ಬೇಕು ನನ್ನ ನವಿಲು. ಸಿಗೋತನಾ ಅಲ್ಲೇ ಕೂಡ್ಲಿ. ಆ ಮನಿ ಹಾಲಿಗಿ ಬೆಕ್ಕ ಬಾಯಿ ಹಾಕದಿದ್ರ ಆತು."