ಹ್ಯಾಂಡ್‌ಬ್ರೇಕಿಗೆ ಹಚ್ಚಿದ ಗುರುತು

ಕಾರನ್ನು ರಿಪೇರಿಗೆ ಒಯ್ಯುವ ಮುಂಚೆ ನಾನು ಅದರ ಕೆಳಗೆ ನುಸುಳಿ, ಹಿಂದಿನ ಚಕ್ರಗಳಿಗೆ ಹೋಗುವ ಎರಡೂ ಹ್ಯಾಂಡ್‌ಬ್ರೇಕ್ ಕೇಬಲ್ಲುಗಳನ್ನು ಒರೆಸಿ, ಹೆಂಡತಿಯ ನೇಲ್ ಪಾಲಿಶ್‌ನಿಂದ ಕೆಂಪು ಗುರುತು ಹಚ್ಚಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣಲಿಲ್ಲ. ನಮ್ಮದು ಧರ್ಮಪುರದ ಕಡೆಯ ಕುರಿ ಸಾಕುವ ಮನೆತನ. ಅಪ್ಪ ಪ್ರತಿ ಕುರಿಯ ಬೆನ್ನಿಗೂ ಕೆಂಪು ಬಳಿಯುತ್ತಿದ್ದ. ಇನ್ನೊಬ್ಬರ ಹಿಂಡಿಗೆ ಸೇರಿಕೊಂಡರೆ ಇದು ನಮ್ಮದೆಂದು ತೋರಿಸಬೇಕಲ್ಲ. ನಾನು ನೌಕರಿ ಮಾಡಿ, ನಿವೃತ್ತನಾಗಿ, ಚಿತ್ರದುರ್ಗದಲ್ಲಿ ಮನೆ ಕಟ್ಟಿಕೊಂಡರೂ ಆ ಬುದ್ಧಿ ಬಿಟ್ಟುಹೋಗಲಿಲ್ಲ. ಹೊಸ ಕೇಬಲ್ ಹಾಕಿದೆ ಎಂದು ಹೇಳಿ ಹಳೆಯದನ್ನೇ ಬಿಡುವವರು, ಬೇರೆ ಯಾರದ್ದೋ ತುಕ್ಕು ಹಿಡಿದ ತಂತಿಯನ್ನು ನಿಮ್ಮದೇ ನೋಡಿ ಎಂದು ತೋರಿಸುವವರು ಇರುತ್ತಾರೆ. ಇರುತ್ತಾರೆ ಎಂಬುದು ನನ್ನ ನಂಬಿಕೆ. ಹಾಗಾಗಿಯೇ ದುರ್ಗದ ಮೂವರು ಮೆಕ್ಯಾನಿಕ್‌ಗಳ ಜತೆ ಆ ಹೊತ್ತಿಗೆ ನನ್ನ ಮಾತುಕತೆ ನಿಂತಿತ್ತು. ಈ ಸಲ ಹೊಳಲ್ಕೆರೆಗೆ ಹೋಗಬೇಕಾಯಿತು.

ರಿಪೇರಿಗೆ ಕಾರಣ ನನ್ನ ಹೆಂಡತಿ ಎಂದು ನಾನು ತೀರ್ಮಾನಿಸಿದ್ದೆ. ಅವಳು ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಮಾಡದಕೆರೆಯ ತಂಗಿಯ ಮನೆಗೆ ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಹೋಗಿಬರಬೇಕು ಎನ್ನುವುದೊಂದೇ ಅವಳ ಆಸೆ. ಲೈಸೆನ್ಸ್ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಮಾರ್ಕೆಟ್ಟಿಗೆ ಹೋಗಿ ಬಂದವಳು ಕಾರನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ, ಗೇಟು ತೆಗೆಯಲು ಇಳಿದಳು. ನಮ್ಮ ಬೀದಿ ಒಳ್ಳೆಯ ಏರು. ಕಾರು ತನ್ನಷ್ಟಕ್ಕೆ ಹಿಂದೆ ಜಾರಿ, ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಹೂವಿನಾಕೆ ಬುಟ್ಟಿ ಹೊತ್ತುಕೊಂಡು ಅದೇ ಜಾಗ ದಾಟಿಹೋಗಿ ಒಂದು ನಿಮಿಷವೂ ಆಗಿರಲಿಲ್ಲ.

ನಾನು ಓಡಿಬಂದು ಕೇಳಿದೆ: “ಬ್ರೇಕ್ ಎಳೀಲಿಲ್ವಾ?”

“ಎಳ್ದೆ. ಚಿಲಕ ತೆಗಿಯೋವರ್ಗೂ ನಿಂತಿತ್ತು. ಆಮೇಲೆ ಬಿಟ್ಟುಬಿಡ್ತು.”

ಒಳಗೆ ನೋಡಿದರೆ ಹ್ಯಾಂಡ್‌ಬ್ರೇಕಿನ ಲಿವರ್ ಎಳೆದಂತೆ ಮೇಲೆಯೇ ಇತ್ತು. ಕಾರು ಬಿದ್ದ ಮೇಲೆ ಓಡಿಬಂದು ಎಳೆದಿದ್ದಾಳೆ ಎಂದುಕೊಂಡೆ. ಎಂದುಕೊಂಡದ್ದಷ್ಟೇ ಅಲ್ಲ, ಅಂದೂಬಿಟ್ಟೆ. ನಿಂತ ಕಾರು ಆಮೇಲೆ ಮನಸ್ಸು ಬದಲಾಯಿಸುತ್ತದೆಯೇ? ಕಾರನ್ನು ಎತ್ತಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಿಡಿಯುವುದೇ ಇಲ್ಲ ಎಂದು ಗೊತ್ತಾಯಿತು. ಚರಂಡಿಗೆ ಬಿದ್ದಾಗ ಕಿತ್ತಿದೆ ಎಂದು ಅದನ್ನೂ ಅವಳ ತಲೆಗೇ ಕಟ್ಟಿದೆ. ಆ ಸಂಜೆ ಬಾಗಿಲ ಪಕ್ಕದ ಮೊಳೆಯಲ್ಲಿದ್ದ ಕೀಯನ್ನು ತೆಗೆದು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಅವಳು ನೋಡಿದಳು, ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೂ ನನಗೆ ಅನುಮಾನವೇ. ತಪ್ಪಿಲ್ಲದವಳು ಜಗಳ ಆಡುತ್ತಿದ್ದಳಲ್ಲವೇ?

ನನ್ನ ವಿಷಯವನ್ನೂ ಹೇಳಬೇಕು. ಕಾರು ಕೊಂಡು ಹನ್ನೊಂದು ವರ್ಷವಾದರೂ ನಾನು ಆ ಲಿವರ್ ಎಳೆದವನೇ ಅಲ್ಲ. ಡಿಕ್ಕಿಯಲ್ಲಿ ಒಂದು ಕಲ್ಲು ಇಟ್ಟುಕೊಂಡಿದ್ದೆ. ನಮ್ಮ ಕಡೆಯ ಲಾರಿಯವರಂತೆ ನಿಲ್ಲಿಸಿದ ಕಡೆಯೆಲ್ಲ ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಕಲ್ಲು ಕಣ್ಣಿಗೆ ಕಾಣುತ್ತದೆ. ತಂತಿ ಒಳಗೊಳಗೇ ಏನು ಮಾಡುತ್ತಿದೆಯೋ ಯಾರಿಗೆ ಗೊತ್ತು.

ಹೊಳಲ್ಕೆರೆಯ ಮೆಕ್ಯಾನಿಕ್ ನನ್ನದೇ ವಯಸ್ಸಿನವನು, ಮಾತು ಕಡಿಮೆ.

“ಟೀ ಕುಡ್ಕಂಡು ಬರ್ರಿ, ಟೈಮ್ ಹಿಡೀತೈತೆ” ಅಂದ.

ಟೀಗೆ ಕಳಿಸುವವರನ್ನು ನಾನು ಮೊದಲು ಅನುಮಾನಿಸುತ್ತೇನೆ. ಬೇಡವೆಂದು ಸ್ಟೂಲ್ ಹಾಕಿಕೊಂಡು ಕೂತೆ. ಹೊಸ ಕೇಬಲ್ಲಿನ ಡಬ್ಬದ ಸೀಲನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅವನು ಕಾರಿನಡಿ ಎಡಕ್ಕೆ ಸರಿದರೆ ನಾನೂ ಸ್ಟೂಲನ್ನು ಎಡಕ್ಕೆ ಸರಿಸಿದೆ. ಬಲಕ್ಕೆ ಹೋದರೆ ಬಲಕ್ಕೆ.

“ಬಿಸ್ಲಾಗೆ ಯಾಕ್ರಿ ಕುಂತೀರಿ, ನೆಳ್ಳಿಗೆ ಬರ್ರಿ” ಎಂದ ಕೆಳಗಿನಿಂದಲೇ. ನಾನು ಅಲ್ಲಾಡಲಿಲ್ಲ.

ಕೊನೆಗೆ ಹಳೆಯ ಕೇಬಲ್ಲುಗಳನ್ನು ತಂದು ನನ್ನ ಮುಂದೆ ಹಾಕಿದ. ನಾನು ಮೊದಲು ಹುಡುಕಿದ್ದು ಕೆಂಪನ್ನು. ಎರಡರಲ್ಲೂ ಇತ್ತು. ನಿಜ ಹೇಳಬೇಕೆಂದರೆ ನನಗೆ ನಿರಾಸೆಯಾಯಿತು.

“ಈ ಎಡಗಡೇದು ತುಕ್ಕು ಹಿಡ್ದು ಯಾವತ್ತೋ ಕಚ್ಕಂಡೈತೆ” ಎಂದ. “ಬಲಗಡೇದು ನೋಡ್ರಿ, ಕಟ್ಟಾಗೈತೆ.”

“ಚರಂಡಿಗೆ ಬಿದ್ದಾಗ ಕಿತ್ತಿರಬೇಕು.”

“ಬಿದ್ದು ಕಿತ್ತಿದ್ರೆ ಮ್ಯಾಲಿನ ಕವರ್ ಹರೀಬೇಕಿತ್ತು. ಇದು ಒಳಗೇ ತುಕ್ಕು ತಿಂದೈತೆ. ಎಳ್ದೋರು ಸರ್ಯಾಗೇ ಎಳ್ದವ್ರೆ. ಉಳಿದಿದ್ದ ಒಂದೆರಡು ಎಳೆ ಒಂದ್ ಗಳಿಗೆ ಹಿಡ್ಕಂಡೈತೆ, ಆಮೇಲೆ ಬಿಟ್ಟೈತೆ.”

ಚಿಲಕ ತೆಗೆಯುವವರೆಗೂ ನಿಂತಿತ್ತು, ಆಮೇಲೆ ಬಿಟ್ಟುಬಿಡ್ತು. ಅವಳು ಹೇಳಿದ್ದೂ ಇದನ್ನೇ. ಇದು ನನ್ನ ಕಾರಿನ ಕೇಬಲ್ಲೇ ಅಲ್ಲ ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಆದರೆ ಗುರುತು ನನ್ನದು.

ಅವನು ಸಾಮಾನು ಎತ್ತಿಡುತ್ತ ತೆರೆದ ಡಿಕ್ಕಿಯ ಕಡೆ ನೋಡಿದ. “ಕಲ್ಲು ಇಡ್ತೀರೇನು? ಅದ್ಕೇ. ದಿನಾ ಎಳ್ದು ಬಿಟ್ಟು ಮಾಡಿದ್ರೆ ಹಿಂಗಾಗ್ತಿರಲಿಲ್ಲ.”

ಹೊಳಲ್ಕೆರೆಯಿಂದ ದುರ್ಗದವರೆಗೆ ನನಗೆ ನನ್ನ ಮೇಲೆಯೇ ಸಿಟ್ಟು. ಮನೆಗೆ ಬಂದು ತುಂಡಾದ ಕೇಬಲ್ಲನ್ನು ಪೇಪರಿನ ಮೇಲಿಟ್ಟು, ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೆಂಡತಿಗೆ ಹೇಳಿದೆ. ಅವಳು ತುಂಡಾದ ತುದಿಯನ್ನು ನೋಡಲೇ ಇಲ್ಲ. ಕೆಂಪನ್ನು ಬೆರಳಿನಲ್ಲಿ ಮುಟ್ಟಿದಳು.

“ನನ್ ನೇಲ್ ಪಾಲಿಶಾ?”

“ಹೂಂ.”

“ಅವನ ಮೇಲೆ ಇಷ್ಟು ಅನುಮಾನ ಇತ್ತು, ಆದ್ರೂ ಅವ್ನು ಹೇಳಿದ್ದು ನಂಬಿದ್ರಿ. ಅದೇ ಮಾತು ನಾನು ಹೇಳಿದ್ದೆ.” ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಂದಳು: “ಮದುವೆಯಾಗಿ ಮೂವತ್ತು ವರ್ಷ ಆತು. ನನ್ಗೂ ಒಂದು ಗುರ್ತು ಹಚ್ಬೇಕಿತ್ತೇನೋ.”

ಜೇಬಿನಿಂದ ಕೀ ತೆಗೆದು ಅವಳತ್ತ ಚಾಚಿದೆ. ಅವಳು ಕೈ ಚಾಚಲಿಲ್ಲ.

“ಮೊಳೆಗೆ ಹಾಕ್ರಿ. ಬೇಕಾದಾಗ ನಾನೇ ತಗಂತೀನಿ.”

ನಾಲ್ಕು ದಿನ ಕೀ ಅಲ್ಲೇ ನೇತಾಡಿತು. ಹೋಗುತ್ತ ಬರುತ್ತ ನಾನು ಅದನ್ನೇ ನೋಡುತ್ತಿದ್ದೆ. ಇನ್ನು ಅವಳು ಮುಟ್ಟುವುದೇ ಇಲ್ಲವೇನೋ ಎಂದು ಹೆದರಿಕೆಯಾಗತೊಡಗಿತು. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಮೊಳೆ ಬರಿದಾಗಿತ್ತು. ಹೊರಗೆ ಓಡಿದೆ. ಕಾರು ಇರಲಿಲ್ಲ. ಡಿಕ್ಕಿಯಲ್ಲಿದ್ದ ಕಲ್ಲನ್ನು ತೆಗೆದು ಗೇಟಿನ ಪಕ್ಕದಲ್ಲಿಟ್ಟು ಹೋಗಿದ್ದಳು.