ಮೂರು ತುಂಡಿನ ಕಾದಂಬರಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಣಗಿದ ಮೈದಾ ಅಂಟು ಸದಾ ಬೆಳ್ಳಗೆ ಪೊರೆ ಎದ್ದಿರುತ್ತಿತ್ತು. ಮಾತಿನ ನಡುವೆ ಕಾಕಾ ಅದನ್ನು ಸುಲಿಯತೊಡಗಿದರೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೇಳಿದ್ದಕ್ಕೆ ಇನ್ನು ನೆಟ್ಟಗೆ ಉತ್ತರ ಬರುವುದಿಲ್ಲ ಎಂದು ಅದರ ಅರ್ಥ.

ಭಾಲ್ಕಿ ಬಸ್ ನಿಲ್ದಾಣದ ಎದುರಿಗೆ ಅವರ ಬೈಂಡಿಂಗ್ ಅಂಗಡಿ. ಕಚೇರಿಯ ರಿಜಿಸ್ಟರುಗಳಿಗೆ ರಟ್ಟು ಕಟ್ಟುವುದು ಹೊಟ್ಟೆಪಾಡು. ಹುಚ್ಚು ಮಾತ್ರ ಬೇರೆ. ಆಗ ವರ್ಷಕ್ಕೊಮ್ಮೆ ಬೀದರಿಗೆ ರಷ್ಯಾದ ಪುಸ್ತಕಗಳ ವ್ಯಾನು ಬರುತ್ತಿತ್ತು. ಗಟ್ಟಿ ರಟ್ಟು, ನುಣುಪು ಕಾಗದ, ಒಳಗೆ ಅಚ್ಚುಕಟ್ಟಾದ ಕನ್ನಡ. ಬೆಲೆ ಎರಡು ಮೂರು ಕಪ್ ಚಹಾದಷ್ಟು. ಕಾಕಾ ಅಂಗಡಿ ಮುಚ್ಚಿ ಹೋಗಿ ಚೀಲ ತುಂಬಿಕೊಂಡು ಬರುತ್ತಿದ್ದರು. ಬಂದವರೇ ದಪ್ಪ ಕಾದಂಬರಿಗಳ ಹೊಲಿಗೆ ಬಿಚ್ಚಿ ಮೂರು ತುಂಡು ಮಾಡುತ್ತಿದ್ದರು! ಪ್ರತಿ ತುಂಡಿಗೂ ದರ್ಜಿ ಬಿಸಾಡಿದ ಬಟ್ಟೆಯ ಬೆನ್ನು ಅಂಟಿಸಿ, ಬಸ್ ಕಂಡಕ್ಟರುಗಳ ಕೈಯಲ್ಲಿ ಔರಾದಿಗೊಂದು, ಖಟಕ ಚಿಂಚೋಳಿಗೊಂದು, ನಮ್ಮ ಹಲಬರ್ಗಾಕ್ಕೊಂದು ಕಳಿಸುತ್ತಿದ್ದರು. ಓದಿದ ತುಂಡು ವಾಪಸು ಬಂದರೆ ಮುಂದಿನ ತುಂಡು. ಹೀಗೆ ಒಂದೇ ಪುಸ್ತಕ ಒಟ್ಟಿಗೆ ಮೂರು ಊರಿನಲ್ಲಿ ಓದಿಸಿಕೊಳ್ಳುತ್ತಿತ್ತು.

"ಇಷ್ಟು ಸೋವಿ ಅದಾವ, ಎರಡೆರಡು ತರಬಾರದೇನ್ರಿ ಕಾಕಾ?" ಎಂದು ಜಗಳ ತೆಗೆದಿದ್ದೆ.

"ಎರಡು ತರೂದಾದ್ರ ಎರಡು ಬ್ಯಾರೆ ಪುಸ್ತಕಾ ತರ್ತೇನಿ. ಒಂದೇ ಪುಸ್ತಕಾ ಎರಡು ಯಾಕ ಬೇಕವ್ವಾ?"

"ನೀವರ ಓದೀರೇನ್ರಿ ಇವನ್ನ?"

"ನೀವೆಲ್ಲಾ ಓದ್ರಿ. ನಾ ಕಡೀಕ ಓದ್ತೇನಿ."

ಓದದವರು ಹೇಳುವ ನೆಪ ಎಂದುಕೊಂಡೆ.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಒಂದು ಕಾದಂಬರಿ ನನ್ನ ನೆಮ್ಮದಿ ಕೆಡಿಸಿತು. ಹಿಮಗಾಳಿಗೆ ಸಿಕ್ಕ ಅಂಚೆಯವನ ಕಥೆ. ಎರಡನೇ ತುಂಡಿನ ಕೊನೆಯ ಪುಟದಲ್ಲಿ ಅವನ ಕುದುರೆ ಖಾಲಿ ಗಾಡಿ ಎಳೆದುಕೊಂಡು ಮನೆಗೆ ಬರುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತಿರುತ್ತಾಳೆ. ಮುಂದೇನು? ಮೂರನೇ ತುಂಡು ಔರಾದಿನ ಒಬ್ಬ ಮಾಸ್ತರರ ಹತ್ತಿರ ಕೂತುಬಿಟ್ಟಿತ್ತು. ಪ್ರತಿ ಸೋಮವಾರ ಅಂಗಡಿಗೆ ಹೋಗಿ ಕೇಳುತ್ತಿದ್ದೆ. ಕಾಕಾ ಉಗುರು ಸುಲಿಯುತ್ತಿದ್ದರು. "ಬರ್ತದವ್ವಾ, ಜರಾ ಸಬರ್ ಮಾಡು."

"ಮೂರನೇದು ಬರೂತನಕ ಎರಡನೇದು ಕೊಡೂದಿಲ್ರಿ!" ಎಂದು ಹೇಳಿಬಂದೆ. ಕೊಡಲೂ ಇಲ್ಲ.

ಎಂಟು ತಿಂಗಳಾದ ಮೇಲೆ ತಡೆಯಲಾರದೆ ನಾನೇ ಔರಾದಿನ ಬಸ್ಸು ಹತ್ತಿದೆ. ಮಾಸ್ತರರು ನನ್ನನ್ನು ಕಂಡು ನನಗಿಂತ ಜೋರಾಗಿ ಹಾರಾಡಿದರು.

"ಎರಡನೇದು ಹಿಡ್ಕೊಂಡು ಕುಂತವರು ನೀವೇ ಏನ್ರಿ? ಮೊದಲನೇದು ಓದಿ ಕಳಿಸಿದ್ರ ಅವರು ಎರಡನೇದರ ಬದ್ಲಿ ಮೂರನೇದು ಕಳಿಸ್ಯಾರ. ಎರಡನೇದು ಬರೂತನಕ ಕೊಡೂದಿಲ್ಲಂತ ನಾನೂ ಹೇಳೇನಿ."

"ಕಾಕಾ ಏನಂದ್ರು?"

"ಸಬರ್ ಮಾಡ್ರಿ ಅಂದ್ರು."

ಕಾಕಾ ನಮ್ಮಿಬ್ಬರಲ್ಲಿ ಒಬ್ಬರನ್ನು ಗದರಿದ್ದರೂ ಒಂದು ವಾರದಲ್ಲಿ ಎಲ್ಲ ಬಗೆಹರಿಯುತ್ತಿತ್ತು. ಆ ಮನುಷ್ಯನ ಸಬರ್‌ಗೆ, ಆ ತಾಳ್ಮೆಗೆ, ಇಬ್ಬರೂ ಸೇರಿ ಹಿಡಿಶಾಪ ಹಾಕಿದೆವು. ಮಾಸ್ತರರು ಸೋತು ಮೂರನೇ ತುಂಡನ್ನು ನನಗೆ ಕೊಟ್ಟರು. ಬಸ್ಸಿನಲ್ಲೇ ಓದಿ ಮುಗಿಸಿದೆ.

ಸೋಮವಾರ ಎರಡೂ ತುಂಡು ಚೀಲದಲ್ಲಿಟ್ಟುಕೊಂಡು, ಬೈಯಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಭಾಲ್ಕಿಗೆ ಹೋದೆ. ಅಂಗಡಿ ಮುಚ್ಚಿತ್ತು. ಎರಡು ದಿನದ ಹಿಂದೆ ಎದೆನೋವು ಬಂದು ಕಾಕಾ ಹೋಗಿಬಿಟ್ಟಿದ್ದರು.

ಹಿಂದಿನ ಓಣಿಯಲ್ಲಿದ್ದ ಮನೆಗೆ ಹೋದೆ. ನಾನು ಕೊಟ್ಟ ತುಂಡುಗಳನ್ನು ನೋಡಿ ಅವರ ಹೆಂಡತಿ, ನಮ್ಮ ಕಾಕು, ಎದ್ದು ಒಳಗಿನಿಂದ ಮೊದಲನೇ ತುಂಡನ್ನು ತಂದರು. ಅದರ ಕೊನೆಯ ಪುಟದಲ್ಲಿ ಗುರುತಿಗೆ ಚಿಂದಿ ಬಟ್ಟೆ ಇಟ್ಟಿತ್ತು.

"ಇದನ್ನ ಓದಿ ಎಷ್ಟೋ ದಿನಾ ಆತವ್ವಾ. ಎರಡನೇದಕ್ಕ ದಾರಿ ಕಾಯಾಕತ್ತಿದ್ರು."

"ನನಗ ಕೇಳಬಾರದಿತ್ತೇನ್ರಿ?"

"ಓದೋರ ಕೈಯಾಂದು ಹ್ಯಾಂಗ ಕಸ್ಕೋಲಿ ಅಂತಿದ್ರು."

ನಾನು ಓದುತ್ತಿರಲಿಲ್ಲ. ಎಂಟು ತಿಂಗಳೂ ಅದು ನನ್ನ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಬಿದ್ದಿತ್ತು.

ಕಾಕು ಮೂರೂ ತುಂಡನ್ನು ನನ್ನ ಕೈಗೇ ಕೊಟ್ಟರು; ಮಾಸ್ತರರು ಓದಿದ ಮೇಲೆ ಅವು ನನ್ನ ಬಳಿಯೇ ಉಳಿದವು. ಈಗ ಬೀದರದ ನನ್ನ ಮನೆಯಲ್ಲಿ ಕೂತು ಬೇಕಾದ ದೇಶದ ಪುಸ್ತಕವನ್ನು ಫೋನಿನಲ್ಲಿ ತೆರೆಯುತ್ತೇನೆ, ಯಾರಿಗೂ ಕಾಯಬೇಕಿಲ್ಲ. ಕಾಕಾ ಒಮ್ಮೆ ಬಾಯಿಬಿಟ್ಟು ಕೇಳಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ಇಳಿದಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ, ಕಾಕಾ. ಅಂಚೆಯವ ಬದುಕಿ ಮನೆಗೆ ಬಂದ.