ಇಪ್ಪತ್ತಾರು ಕಿಲೋ ಬಿಗಿ

ಬಹೀಜಾ ಆ ಟೆನಿಸ್ ರಾಕೆಟ್ ಆರಿಸಿಕೊಂಡ ದಿನ ಮುನೀರಾ ಬೇಡವೆಂದೇ ಹೇಳಿದ್ದಳು. ಅಂಗಡಿಗೆ ಬಂದ ನಾಲ್ಕು ರಾಕೆಟ್‌ಗಳಲ್ಲಿ ಮೂರು ಒಂದೇ ವಾರದಲ್ಲಿ ಮಾರಿಹೋಗಿ, ಇದೊಂದು ಯಾರಿಗೂ ಬೇಡವಾಗಿ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ತಲೆ ಚಿಕ್ಕದು, ಚೌಕಟ್ಟು ತೆಳು, ತೂಕ ಮಾತ್ರ ಒಳ್ಳೆಯ ಕಟ್ಟುಮಸ್ತಾದ ಕೈಗೇ ಸರಿ. ಗಟ್, ಅಂದರೆ ಜಾಲರಿಯ ದಾರ, ಒತ್ತೊತ್ತಾಗಿ ಹೆಣೆಯಬೇಕು, ಉದ್ದಕ್ಕೆ ಹದಿನೆಂಟು, ಅಡ್ಡಕ್ಕೆ ಇಪ್ಪತ್ತು. ಮಾರಿಹೋದವೆಲ್ಲ ದಪ್ಪ ಚೌಕಟ್ಟಿನವು. ಚೆಂಡಿಗೆ ತಾಗಿಸಿದರೆ ಸಾಕು, ತಾವೇ ಅದನ್ನು ಆಚೆ ತುದಿಗೆ ಎಸೆಯುವಂಥವು. ಇದು ತನ್ನ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ. ತೋಳು ಕೊಟ್ಟಷ್ಟೇ ಚೆಂಡಿಗೆ. ಆದರೆ ಎಲ್ಲಿಗೆಂದು ತೋರಿಸುತ್ತೀರೋ ಅಲ್ಲಿಗೇ ಹೋಗುತ್ತದೆ.

"ಒಂದು ಗಂಟೆ ಆಡಿದ್ರೆ ಭುಜ ಕಳಚಿ ಕೈಗೆ ಬರುತ್ತೆ ಕಣೇ," ಎಂದಿದ್ದಳು ಮುನೀರಾ.

"ದಿನಕ್ಕೆ ಅರವತ್ತು ಮಕ್ಕಳನ್ನ ಹಿಡಿದು ಸೂಜಿ ಚುಚ್ಚೋಳು ನಾನು. ನನ್ನ ಭುಜದ ಚಿಂತೆ ನಿಂಗೆ ಬೇಡ. ಗಟ್ ಹಾಕು, ಇಪ್ಪತ್ತಾರು ಕಿಲೋ ಬಿಗಿ."

ಆಗ ಬಹೀಜಾಳಿಗೆ ಮೂವತ್ತೊಂಬತ್ತು. ಕಡಲ ದಂಡೆಯ ಊರು ಬಿಜೆರ್ತದ ಹಳೆಯ ಬಂದರಿನ ಹಿಂದಿರುವ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ನರ್ಸ್. ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದವರಿಗೆ ದಿನಕ್ಕೊಂದು ಕಾರಣ ಹೇಳಿ ಕಳಿಸುತ್ತಿದ್ದಳು. ತಂಗಿ ವಹೀದಾಳ ಮನೆಯ ಮಹಡಿಯಲ್ಲಿ ಒಂದು ಕೋಣೆ, ಬಾಲ್ಕನಿಯಲ್ಲಿ ಮಲ್ಲಿಗೆ ಬಳ್ಳಿ, ಭಾನುವಾರ ಬೆಳಗ್ಗೆ ಟೆನಿಸ್. ಇಷ್ಟು ಅವಳ ಲೋಕ. ಮುನೀರಾ ಅಪ್ಪನಿಂದ ಬಂದ ಅಂಗಡಿ ನಡೆಸುತ್ತಿದ್ದಳು. ಮುಂದೆ ಬೂಟುಗಳು, ಹಿಂದೆ ಗಟ್ ಬಿಗಿಯುವ ಯಂತ್ರ. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನವರು.

ಬಿಜೆರ್ತದ ಕ್ಲಬ್ಬಿನ ಅಂಕಣಗಳು ಕೆಂಪು ಮಣ್ಣಿನವು, ಕಡಲಿಗೆ ಎದುರಾಗಿವೆ. ಗಾಳಿ ಬೀಸಿದ ದಿನ ಬೇರೆಯವರ ಚೆಂಡುಗಳು ಬೇಲಿ ದಾಟಿ ರಸ್ತೆಗೆ ಹೋಗುತ್ತಿದ್ದವು. ಬಹೀಜಾಳ ಚೆಂಡು ನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗಿ ಮೂಲೆಯಲ್ಲಿ ಕೂರುತ್ತಿತ್ತು. ಮಣ್ಣಿನ ಮೇಲೆ ಚೆಂಡಿನ ಗುರುತು ಉಳಿಯುತ್ತದಲ್ಲ, ಎದುರಾಳಿಗಳು ಗೆರೆಯ ತನಕ ನಡೆದುಹೋಗಿ, ಬಗ್ಗಿ ನೋಡಿ, ತಕರಾರಿಲ್ಲದೆ ವಾಪಸ್ ಬರುತ್ತಿದ್ದರು. ಎದುರಿನವರು ಎಷ್ಟೇ ಜೋರಾಗಿ ಹೊಡೆಯಲಿ, ಆ ಭಾರದ ರಾಕೆಟ್ ಕೈಯಲ್ಲಿ ಅಲುಗುತ್ತಿರಲಿಲ್ಲ. ಆದರೆ ಚೆಂಡು ಸರಿಯಾಗಿ ನಡುವಿಗೇ ಸಿಗಬೇಕು. ಎರಡು ಬೆರಳು ಆಚೀಚೆಯಾದರೆ ಮಣಿಕಟ್ಟು ತಿರುಚಿ ಮೊಣಕೈವರೆಗೆ ಝುಮ್ಮೆನ್ನುತ್ತಿತ್ತು. ಒಮ್ಮೆ ಒಬ್ಬ ವಕೀಲೆ ದುಬಾರಿಯ ಹೊಸ ರಾಕೆಟ್ ತಂದು ಮೊದಲ ಸೆಟ್ಟನ್ನು ಗೆದ್ದು, ಮುಂದಿನ ಎರಡನ್ನು ಸೋತಳು. ಕೈಕುಲುಕುವಾಗ ಬಹೀಜಾ, ಅಮ್ಮಾವ್ರೇ ಎನ್ನುವ ಹಾಗೆ ಲಲ್ಲಾ ಎಂದು ಕರೆದು, ಅವಳಿಗೆ ಹೇಳಿದ ಮಾತು ಊರಲ್ಲಿ ವರ್ಷಗಟ್ಟಲೆ ಓಡಾಡಿತು: "ನಿಮ್ಮ ರಾಕೆಟ್ ತುಂಬ ಚೆನ್ನಾಗಿ ಆಡ್ತು, ಲಲ್ಲಾ. ಮುಂದಿನ ವಾರ ನೀವೂ ಬನ್ನಿ."

ಆ ರಾಕೆಟ್ಟಿನ ಬಗ್ಗೆ ಅವಳಿಗೊಂದು ನಂಬಿಕೆ ಇತ್ತು. ನಲವತ್ತೈದರಲ್ಲಿ ಒಮ್ಮೆ ಚೆಂಡುಗಳು ಎರಡು ವಾರ ಗಿಡ್ಡವಾಗಿ, ಅಂಕಣದ ನಡುವಲ್ಲೇ ಬಿದ್ದವು. ಅವಳು ಗಟ್ಟನ್ನೂ ಬಯ್ಯಲಿಲ್ಲ, ಗಾಳಿಯನ್ನೂ ಬಯ್ಯಲಿಲ್ಲ. ಸೋಮವಾರವೇ ರಕ್ತ ಪರೀಕ್ಷೆ ಮಾಡಿಸಿಕೊಂಡಳು. ಮೈಯಲ್ಲಿ ಕಬ್ಬಿಣದ ಅಂಶ ಇಳಿದಿತ್ತು. ಮಾತ್ರೆ ನುಂಗಿದ ಎರಡನೇ ತಿಂಗಳಿಗೆ ಚೆಂಡು ಮತ್ತೆ ಕೊನೆಗೆರೆಗೆ ಬಂತು. ಅಂದಿನಿಂದ ಅದು ಅವಳಿಗೆ ಜ್ವರದ ಕಡ್ಡಿಯ ಹಾಗೆ. ಬೇರೆ ರಾಕೆಟ್‌ಗಳು ಮುಖಸ್ತುತಿ ಮಾಡುತ್ತವೆ, ಇದಕ್ಕೆ ಆ ಅಭ್ಯಾಸ ಇಲ್ಲ ಎನ್ನುತ್ತಿದ್ದಳು.

ಮುನೀರಾ ಇದನ್ನು ಹತ್ತಾರು ಸಲ ಕೇಳಿದ್ದಳು. ಕೇಳಿದ್ದೂ ತಾನು ಹಾಗೆ ಮಾಡಿದೆನಲ್ಲ ಎಂಬುದು ಅವಳಿಗೆ ಇಂದಿಗೂ ಬಗೆಹರಿಯುವುದಿಲ್ಲ.

ಬಹೀಜಾಳಿಗೆ ಐವತ್ತೇಳು ತುಂಬಿದ ವರ್ಷ, ಅಕ್ಟೋಬರ್. ಚೆಂಡುಗಳು ಮತ್ತೆ ಗಿಡ್ಡವಾಗತೊಡಗಿದವು. ಅವಳು ರಕ್ತ ಪರೀಕ್ಷೆ ಮಾಡಿಸಿಕೊಂಡಳು, ಏನೂ ದೋಷ ಇರಲಿಲ್ಲ. ಆಮೇಲೊಂದು ಭಾನುವಾರ, ಇಪ್ಪತ್ತು ವರ್ಷ ತನ್ನಿಂದ ಒಂದು ಸೆಟ್ಟೂ ಗೆಲ್ಲದವಳ ಕೈಲಿ ಸೋತಳು. ಆಟ ಮುಗಿದ ಮೇಲೆ ಬೆಂಚಿನ ಮೇಲೆ ಕೂತು, ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದಳು. ಮುನೀರಾ ಬೇಲಿಯ ಆಚೆಯಿಂದ ನೋಡಿದಳು. ಆ ಮುಖವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ವಯಸ್ಸಾಯಿತು, ಅದನ್ನು ಇವಳಿಗೆ ಯಾರು ಹೇಳುವುದು ಎಂದುಕೊಂಡಳು.

ಮರುದಿನ ಬಹೀಜಾ ಬಂದು, ಗಟ್ ಸತ್ತುಹೋಗಿದೆ, ಹೊಸದು ಹಾಕು ಎಂದಳು. ಯಾವತ್ತೂ ಗಟ್ಟಿನ ಮೇಲೆ ತಪ್ಪು ಹೊರಿಸದವಳು. ಮುನೀರಾ ರಾಕೆಟ್ಟನ್ನು ಯಂತ್ರಕ್ಕೆ ಕೂರಿಸಿ, ಬಿಗಿತದ ಮುಳ್ಳನ್ನು ಇಪ್ಪತ್ತಾರರಿಂದ ಇಪ್ಪತ್ತೈದಕ್ಕೆ ಇಳಿಸಿದಳು. ಗಟ್ ಸಡಿಲವಾದಷ್ಟೂ ಚೆಂಡು ಅದರಲ್ಲಿ ಹೂತು ದೂರ ಚಿಮ್ಮುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯ ಮೇಲ್ಭಾಗದ ಕವಲಿನಲ್ಲಿ, ಎಲ್ಲ ರಾಕೆಟ್ಟಿಗೂ ಅಂಟಿಸುವ ಹಾಗೆ, ತಾರೀಖು ಮತ್ತು ಬಿಗಿತ ಬರೆದ ಪುಟ್ಟ ಚೀಟಿ ಅಂಟಿಸಿದಳು. ಇಪ್ಪತ್ತಾರು ಎಂದೇ ಬರೆದಳು. ಅಪ್ಪನ ಕಾಲದಿಂದ ಆ ಅಂಗಡಿಯಿಂದ ಹೊರಟ ಚೀಟಿಗಳಲ್ಲಿ ಅದೇ ಮೊದಲ ಸುಳ್ಳು.

ಭಾನುವಾರ ಚೆಂಡು ಅರ್ಧ ಗಜ ಮುಂದೆ ಬಿತ್ತು. ಬಹೀಜಾ ಎಣ್ಣೆಯಲ್ಲಿ ಕರಿದ ಬನ್ನು, ಬಿಸಿಬಿಸಿ ಫ್ರಿಕಾಸೆಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಅಂಗಡಿಗೇ ಬಂದಳು. ಒಳಗಿನ ಹರಿಸ್ಸಾ ಚಟ್ನಿಯ ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು.

"ನೋಡಿದ್ಯಾ? ತೋಳಿಗೇನೂ ಆಗಿಲ್ಲ. ಗಟ್‌ದೇ ತೊಂದರೆ ಇದ್ದಿದ್ದು. ನೀನು ಹಳೇ ಸರಕು ತುರುಕ್ತಾ ಇದ್ದೆ ಕಳ್ಳಿ."

ಮುನೀರಾ ನಕ್ಕಳು. ಅಂದು ಅವಳಿಗೆ ಆದ ಸಂತೋಷ ಸುಳ್ಳಲ್ಲ.

ಡಿಸೆಂಬರಿಗೆ ಇಪ್ಪತ್ತನಾಲ್ಕು, ಜನವರಿಗೆ ಇಪ್ಪತ್ತಮೂರು, ಫೆಬ್ರವರಿಗೆ ಇಪ್ಪತ್ತೆರಡು. ಗಟ್ ವಿರಳವಾಗಿ ಹೆಣೆದ ರಾಕೆಟ್ ಆಗಿದ್ದರೆ ಇಷ್ಟು ಸಡಿಲಿಸಿದಾಗ ಚೆಂಡು ಹುಚ್ಚೆದ್ದು ಹಾರಿ ಗುಟ್ಟು ಬಯಲಾಗುತ್ತಿತ್ತು. ಇದರ ಒತ್ತು ಹೆಣಿಗೆ ಎಲ್ಲವನ್ನೂ ಮುಚ್ಚಿಕೊಂಡಿತು. ಹೊಡೆತ ಮೆತ್ತಗನಿಸುತ್ತಿದೆ ಎಂದು ಒಂದು ಸಲ ಬಹೀಜಾ ಕೇಳಿದ್ದಕ್ಕೆ, ಇದು ಬೇರೆ ಜಾತಿಯ ಗಟ್ ಎಂದು ಮುನೀರಾ ಹೇಳಿದಳು. ಪ್ರತಿ ಸಲ ಒಂದೊಂದೇ ಕಿಲೋ. ತೋಳು ಒಂದು ಮೆಟ್ಟಿಲು ಇಳಿದಾಗ ಗಟ್ಟೂ ಒಂದು ಮೆಟ್ಟಿಲು ಇಳಿಯುತ್ತಿತ್ತು. ಚೆಂಡು ಮಾತ್ರ ಗೆರೆಯ ಹತ್ತಿರವೇ ಬೀಳುತ್ತಿತ್ತು.

ಮಾರ್ಚಿನ ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದಿಂದ ನೇರ ಅಂಗಡಿಗೆ ಬಂದ ಬಹೀಜಾ ಸ್ಟೂಲಿನ ಮೇಲೆ ಕೂತು, ತಮಾಷೆ ಎನ್ನುವಂತೆ ಒಂದು ಸಂಗತಿ ಹೇಳಿದಳು. ಬಲ ಭುಜದ ಹಿಂದೆ ನೋವಂತೆ, ಕಿರುಬೆರಳಲ್ಲಿ ಇರುವೆ ಹರಿದ ಹಾಗಂತೆ. ಕೇಂದ್ರದ ಹುಡುಗಿ ಡಾಕ್ಟರ್ ಎದೆಯ ಎಕ್ಸ್‌ರೇ ತೆಗೆಸಿ ಎಂದು ಬೆನ್ನುಹತ್ತಿದ್ದಾಳಂತೆ.

"ನಾನಂದೆ, ಮಗಳೇ, ಮೊನ್ನೆ ಭಾನುವಾರ ನನ್ನ ಚೆಂಡು ಗೆರೆಯಿಂದ ಒಂದು ಗೇಣು ಒಳಗೆ ಬಿತ್ತು. ಆ ರಾಕೆಟ್ಟಲ್ಲಿ. ತೋಳು ಕೆಟ್ಟೋರ ಕೈಲಿ ಅದು ಸಾಧ್ಯನಾ? ಸೂಜಿ ಚುಚ್ಚಿ ಚುಚ್ಚಿ ಸ್ನಾಯು ಹಿಡ್ಕೊಂಡಿದೆ ಅಷ್ಟೇ ಅಂದೆ. ಸುಮ್ಮನಾದ್ಲು."

ಆಗ ಅದೇ ರಾಕೆಟ್ ಯಂತ್ರದ ಮೇಲಿತ್ತು. ಮುಳ್ಳು ಇಪ್ಪತ್ತೊಂದರಲ್ಲಿತ್ತು. ಬಹೀಜಾ ಕೂತಲ್ಲಿಗೆ ಅದು ಕಾಣುತ್ತಿರಲಿಲ್ಲ. ಹೇಳಲು ಮುನೀರಾ ಬಾಯಿ ತೆರೆದದ್ದೂ ಉಂಟು. ಆದರೆ ಒಂದು ಸುಳ್ಳಲ್ಲ, ಐದು ಸುಳ್ಳುಗಳನ್ನು ಒಟ್ಟಿಗೆ ಒಪ್ಪಿಕೊಳ್ಳಬೇಕಿತ್ತು. ನಿನ್ನ ಗೆಲುವುಗಳೆಲ್ಲ ನನ್ನ ಯಂತ್ರದ್ದು ಎನ್ನಬೇಕಿತ್ತು. ಕಾಫಿ ತರಿಸಲಾ ಎಂದು ಕೇಳಿದಳು.

ಜೂನ್ ಮೊದಲ ಭಾನುವಾರ ಸರ್ವ್ ಮಾಡಲು ತೋಳೆತ್ತಿದಾಗ ರಾಕೆಟ್ ಬಹೀಜಾಳ ಕೈಯಿಂದ ಜಾರಿ ಹಿಂದೆ ಬಿತ್ತು. ಬೆವರೆಂದು ಎಲ್ಲರೂ ನಕ್ಕರು, ಅವಳೂ ನಕ್ಕಳು. ಬುಧವಾರ ಸಿರಿಂಜ್ ಜಾರಿತು. ಆಗ ಅವಳು ನಗಲಿಲ್ಲ. ತೂನಿಸಿನ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಬಲ ಶ್ವಾಸಕೋಶದ ತುದಿಯಲ್ಲಿ ಗಡ್ಡೆ. ಅಲ್ಲಿಂದ ತೋಳಿಗೆ ಹೋಗುವ ನರಗಳ ಮೇಲೆ ಕೂತಿತ್ತು, ಈಗ ಬೆನ್ನುಮೂಳೆಗೂ ಹರಡಿತ್ತು. ಕೆಲವು ತಿಂಗಳು ಮೊದಲೇ ಬಂದಿದ್ದರೆ ಕತ್ತರಿಸಿ ನೋಡಬಹುದಿತ್ತು ಎಂದು ಡಾಕ್ಟರು ವಹೀದಾಳಿಗೆ ಹೇಳಿದರು. ವಹೀದಾ ಅದನ್ನು ಮುನೀರಾಳಿಗೆ ಹೇಳಿ ಅವಳ ಹೆಗಲಿಗೊರಗಿ ಅತ್ತಳು. ಮುನೀರಾ ನಿಂತೇ ಇದ್ದಳು.

ಬಹೀಜಾಳನ್ನು ಮನೆಗೆ ಕರೆತಂದ ಎರಡನೇ ವಾರ. ಮಹಡಿಯ ಕೋಣೆ, ಕಿಟಕಿ ತೆರೆದಿತ್ತು. ದಿಂಬಿಗೊರಗಿದ್ದ ಬಹೀಜಾ ಕೇಳಿದಳು:

"ನಂಗೆ ಅರ್ಥ ಆಗದೇ ಇರೋದು ಒಂದೇ, ಮುನೀರಾ. ನರ ಒತ್ತೋಕೆ ಶುರುವಾಗಿ ವರ್ಷಕ್ಕೆ ಹತ್ತಿರ ಆಯ್ತು ಅಂತಾರೆ. ಹಾಗಾದ್ರೆ ಮಾರ್ಚಲ್ಲಿ ಚೆಂಡು ಹೇಗೆ ಗೆರೆ ಮುಟ್ತು?"

ಅವಳು ಯಾರನ್ನೂ ಅನುಮಾನಿಸಿ ಕೇಳಿರಲಿಲ್ಲ. ರೋಗಿಯ ಚೀಟಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ನರ್ಸ್ ಕೇಳುವಂತೆ ಕೇಳಿದ್ದಳು. ಮುನೀರಾ ಹೇಳಿದಳು. ಅಕ್ಟೋಬರಿನಿಂದ ಹಿಡಿದು ಎಲ್ಲವನ್ನೂ, ಬೇಲಿಯಾಚೆಯಿಂದ ನೋಡಿದ ಆ ಮುಖವನ್ನೂ.

ಮುಗಿದ ಮೇಲೆ ಬಹೀಜಾ ಕೇಳಿದಳು.

"ಮಾರ್ಚಲ್ಲಿ ಎಷ್ಟಿತ್ತು?"

"ಇಪ್ಪತ್ತೊಂದು."

"ನಾನು ಆ ಸ್ಟೂಲಿನ ಮೇಲೆ ಕೂತಿದ್ದಾಗ?"

"ಆಗಲೇ."

ಎಡಗೈಯಿಂದ ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. "ನಿಜ ಹೇಳಿದ್ದಿದ್ರೆ ಮರುದಿನವೇ ಎಕ್ಸ್‌ರೇಗೆ ಹೋಗಿರ್ತಿದ್ದೆ."

"ಹೌದು."

"ಅಳಬೇಡ ನನ್ನ ಮುಂದೆ. ಅಳೋ ಸರದಿ ನಂದು, ಅದನ್ನೂ ಕಿತ್ಕೋಬೇಡ. ಹೋಗು ಈಗ."

ಮುನೀರಾ ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು. "ನಾಳೆ ಬಾ. ಸಿಟ್ಟು ಇಳಿದಿರಲ್ಲ. ಆದ್ರೂ ಬಾ."

ಮೂವತ್ತೊಂದು ದಿನ ಹೋದಳು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಸಂಜೆಯವರೆಗೆ ಅಲ್ಲೇ. ಕೆಲವು ದಿನ ಬಹೀಜಾ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು, ಮುನೀರಾ ಅವಳ ಬೆನ್ನನ್ನು ನೋಡುತ್ತ ಕೂತಿರುತ್ತಿದ್ದಳು. ಕೆಲವು ದಿನ ಕ್ಲಬ್ಬಿನ ಸುದ್ದಿಯೆಲ್ಲ ಬೇಕು: ವಕೀಲೆಯ ಮೊಣಕಾಲು ಹೇಗಿದೆ, ಯಾರು ಯಾರನ್ನು ಸೋಲಿಸಿದರು, ಮಣ್ಣಿಗೆ ನೀರು ಹೊಡೆಯುವ ಮುದುಕ ಇನ್ನೂ ಕುಡಿಯುತ್ತಾನಾ. ಒಂದು ದಿನ ಸೂಪ್ ಕುಡಿಸುತ್ತಿದ್ದ ವಹೀದಾಳಿಗೆ ಮುನೀರಾಳ ಎದುರೇ ಹೇಳಿದಳು: "ಐವತ್ತೇಳಕ್ಕೆ ನನ್ನನ್ನ ಚಾಂಪಿಯನ್ ಮಾಡಿದ್ಲು ಇವಳು. ಮೆಡಲ್ ಕೊಡ್ಬೇಕು." ಚುಚ್ಚಿದ್ದೋ ನಕ್ಕಿದ್ದೋ ತಿಳಿಯಲಿಲ್ಲ. ವಹೀದಾಳಿಗೆ ಏನೂ ಗೊತ್ತಿಲ್ಲ ಎಂಬುದು ಮಾತ್ರ ಅವತ್ತು ಮುನೀರಾಳಿಗೆ ತಿಳಿಯಿತು. ಬಹೀಜಾ ಯಾರಿಗೂ ಹೇಳಿರಲಿಲ್ಲ.

ಮುನೀರಾ ಒಂದು ಮಾತಿಗಾಗಿ ಕಾದಳು. ಕ್ಷಮಿಸಿದ್ದೀಯಾ ಎಂದು ಬಾಯಿಬಿಟ್ಟು ಕೇಳಲು ಧೈರ್ಯವಾಗಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಕೊನೆಯ ದಿನ ಸಂಜೆ ಬಹೀಜಾ ದಿಂಬು ಎತ್ತರಿಸಲು ಹೇಳಿದಳು. ಇನ್ನೂ ಸ್ವಲ್ಪ ಮೇಲೆ ಎಂದಳು. ಸಾಕು ಎಂದಳು. ಅವಳು ಮುನೀರಾಳ ಜೊತೆ ಆಡಿದ ಕೊನೆಯ ಮಾತು ಅದೇ. ಮರುದಿನ ಬೆಳಗ್ಗೆ ಎಂಟಕ್ಕೆ ಹೋಗಿಬಿಟ್ಟಳು.

ಮಣ್ಣು ಮಾಡುವ ಮುನ್ನ ಮೈ ತೊಳೆಯಲು ನೆರೆಯ ಹೆಂಗಸೊಬ್ಬಳನ್ನು ಕರೆಸಿದ್ದರು, ಆ ಕೆಲಸದಲ್ಲಿ ನುರಿತವಳು. ಇನ್ನಿಬ್ಬರು ಬೇಕಿತ್ತು. ವಹೀದಾ ಮೆಟ್ಟಿಲಿಳಿದು ಬಂದು ಮುನೀರಾಳ ತೋಳು ಹಿಡಿದಳು. "ನೀನು ಇರ್ಬೇಕಂತೆ. ಹೋದ ವಾರವೇ ಹೇಳಿದ್ಲು. ಯಾಕೆ ಅಂದ್ರೆ ಹೇಳ್ಲಿಲ್ಲ."

ಕ್ಷಮಿಸಿದ್ದಕ್ಕೋ, ಹತ್ತಿರದಿಂದ ನೋಡಲಿ ಎಂದೋ. ಮುನೀರಾ ಮೆಟ್ಟಿಲು ಹತ್ತುವಾಗ ಎರಡನ್ನೂ ಯೋಚಿಸಿದಳು.

ಕೋಣೆಯ ಕಿಟಕಿ ಮುಚ್ಚಿದ್ದರು. ಬಿಳಿ ಬಟ್ಟೆ ಹೊದಿಸಿದ ಮೈ, ಬಕೆಟ್ಟುಗಳಲ್ಲಿ ಉಗುರುಬೆಚ್ಚಗಿನ ನೀರು. ಬಲಗಡೆಯಿಂದ ಶುರುಮಾಡಬೇಕು ಎಂದು ಆ ಹೆಂಗಸು ಹೇಳಿ, ಬಲಗೈಯನ್ನು ಬಟ್ಟೆಯಡಿಯಿಂದ ಎತ್ತಿ ಮುನೀರಾಳ ಕೈಗಿಟ್ಟಳು. ಮೂವತ್ತು ವರ್ಷ ರಾಕೆಟ್ ಬೀಸಿದವರ ಬಲ ಮುಂದೋಳು ಎಡದ್ದಕ್ಕಿಂತ ದಪ್ಪವಿರುತ್ತದೆ. ಅಂಗಡಿಗೆ ಬರುವವರನ್ನು ಮುನೀರಾ ಗುರುತಿಸುತ್ತಿದ್ದದ್ದೇ ಹಾಗೆ. ಬಹೀಜಾಳದು ಎಡಗೈಗಿಂತ ತೆಳ್ಳಗಿತ್ತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿ ಬಿದ್ದಿತ್ತು, ಅದರಲ್ಲಿ ನೀರು ನಿಲ್ಲುತ್ತಿತ್ತು. ಇದು ಒಂದು ತಿಂಗಳಲ್ಲಿ ಆಗುವಂಥದ್ದಲ್ಲ. ಅಕ್ಟೋಬರಿನಿಂದ ಎಷ್ಟೋ ಸಲ ಈ ಕೈ ಅವಳ ಕೌಂಟರಿನ ಮೇಲೆ, ಕಾಫಿ ಲೋಟದ ಪಕ್ಕದಲ್ಲೇ ಇತ್ತು. ಒಮ್ಮೆ ಹಿಡಿದು ನೋಡಿದ್ದರೆ ಸಾಕಿತ್ತು.

ಭುಜದಿಂದ ಬೆರಳ ತುದಿಯವರೆಗೆ ಮೂರು ಸಲ ನೀರು ಹಾಯಿಸಿ ತೊಳೆದಳು. ನಾಲ್ಕನೆಯದಕ್ಕೆ ಚೊಂಬು ಎತ್ತಿದಾಗ ಆ ಹೆಂಗಸು ಮೆಲ್ಲಗೆ ಅವಳ ಮಣಿಕಟ್ಟು ಹಿಡಿದು, ಸಾಕು ಲಲ್ಲಾ, ಇನ್ನು ಎಡಗಡೆ ಎಂದಳು. ಮುನೀರಾ ಆ ಕೈಯನ್ನು ಬಟ್ಟೆಯೊಳಗೆ ಸೇರಿಸಿ ಆಚೆ ಬದಿಗೆ ಹೋಗಿ ನಿಂತಳು.